ಗುರುವಾರ ನಾಲ್ಕು ಗಂಟೆ

ಜನವರಿ 8, ಬುಧವಾರ, ರಾತ್ರಿ ಒಂದು ಗಂಟೆ
ಅವನ ಧ್ವನಿ

ಅಷ್ಟಕ್ಕೇ ಮುಗೀಲಿಲ್ಲ ಕಣೇ, ಅದಾದ್ಮೇಲೆ ಚಪ್ಪಲಿ ಬಾರೂ ಕಿತ್ತೋಯ್ತು. ಬೆಳಿಗ್ಗೆ ನಲ್ಲೀಲಿ ನೀರಿಲ್ಲ, ಮಧ್ಯಾಹ್ನ ಬಸ್ಸು ಕಣ್ಣೆದುರಿಗೇ ಹೊರಟೋಯ್ತು, ಸಾಯಂಕಾಲ ಆಸ್ಪತ್ರೆ ಲಿಫ್ಟು ಕೆಟ್ಟು ಮೂರು ಮಹಡಿ ಸಾಮಾನು ಹೆಗಲ ಮೇಲೆ. ಈಗ ರೂಮಿಗೆ ಬಂದ್ರೆ ನನ್ನ ಹಾಸಿಗೆ ಮೇಲೆ ಯಾರದೋ ಒದ್ದೆ ಟವೆಲ್ಲು. ಆರು ಜನ ಇರೋ ರೂಮಲ್ಲಿ ಇದು ಯಾರದ್ರಪ್ಪಾ ಅಂತ ಕೇಳಿದ್ರೆ ಎಲ್ರೂ ಜೋರಾಗಿ ನಿದ್ದೆ ಮಾಡ್ತಾರೆ.

ಅದಕ್ಕೇ ಮೆಟ್ಟಿಲ ಮೇಲೆ ಬಂದು ಕೂತಿದೀನಿ. ಇಲ್ಲಿ ದೀಪ ಎರಡು ನಿಮಿಷಕ್ಕೊಂದ್ಸಲ ತಾನಾಗೇ ಆರೋಗುತ್ತೆ, ಕೈ ಬೀಸಿದ್ರೆ ಹತ್ಕೊಳ್ಳುತ್ತೆ. ಯಾರಾದ್ರೂ ನೋಡಿದ್ರೆ ಇವನ್ಯಾರೋ ಒಬ್ಬನೇ ಕೂತು ಸೊಳ್ಳೆ ಹೊಡೀತಾ ಹೆಂಡ್ತಿನ ಬೈತಿದಾನೆ ಅಂದ್ಕೋಬೇಕು.

ಸ್ಟೋರಲ್ಲಿ ಕೆಲಸ ಪರವಾಗಿಲ್ಲ. ಸಾಮಾನು ಬರುತ್ತೆ, ಹೋಗುತ್ತೆ. ಅದ್ರಲ್ಲಿ ಹೇಳೋಕೇನಿದೆ.

ಶನಿವಾರದಿಂದ ಹೆರಿಗೆ ಕ್ಲಾಸು ಅಂದ್ಯಲ್ಲ, ಹೋಗು. ತಪ್ಪಿಸ್ಬೇಡ. ಏನೇನು ಹೇಳ್ಕೊಟ್ರು ಎಲ್ಲಾ ಬರಿ. ಮಾರ್ಚ್ ಎಂಟಕ್ಕೆ ರಜೆ ಕೇಳಿದೀನಿ. ಹದಿನೈದಕ್ಕೆ ಡೇಟು ಅಂದ್ರೆ ಒಂದು ವಾರ ಮುಂಚೆನೇ ವಿಮಾನ ಇಳಿದು ಅಲ್ಲಿರ್ತೀನಿ. ಅಷ್ಟರೊಳಗೆ ನೀನು ಕಲ್ತು ನಂಗೆ ಪಾಠ ಮಾಡು, ಮೇಡಂ. ಸ್ಕೂಲ್ ಆಫೀಸಲ್ಲಿ ಕೂತು ಮಕ್ಕಳಿಗೆ ಟಿ.ಸಿ. ಬರ್ಕೊಡೋದು ಸಾಕು, ಒಂದ್ಸಲ ಮೇಷ್ಟ್ರಾಗು.

ನಾಳೆ ಗುರುವಾರ, ಗೊತ್ತಲ್ಲ. ಇಲ್ಲಿ ನನ್ನ ನಾಲ್ಕು ಗಂಟೆ, ಅಲ್ಲಿ ನಿನ್ನ ಆರೂವರೆ. ಅಪ್ಪ ಇಸ್ಪೀಟಿಗೆ ಹೋದ ತಕ್ಷಣ ಒಂದು ಮಿಸ್ಡ್ ಕಾಲ್ ಕೊಡು.


ಜನವರಿ 12, ಭಾನುವಾರ
ಅವಳ ಪತ್ರ

ಗಡಿಬಿಡಿ ರಾಯರಿಗೆ,

ಗುರುವಾರ ಒಂದು ಗಂಟೆ ಮಾತಾಡಿದರೂ ಕ್ಲಾಸಿನದು ಹೇಳಲು ಇನ್ನೂ ಕ್ಲಾಸೇ ಆಗಿರಲಿಲ್ಲ. ಈಗ ಬರೆಯುತ್ತೇನೆ. ನಿನ್ನ ಹಾಗೆ ಧ್ವನಿ ಕಳಿಸಲು ನನಗಾಗದು. ನಮ್ಮ ಮನೆಯ ಗೋಡೆ ನಿನಗೆ ಗೊತ್ತೇ ಇದೆ. ನಾನು ಈ ಕಡೆ ಸೀನಿದರೆ ಮಾವ ಆ ಕಡೆಯಿಂದ "ಶೀತಾನಾ?" ಎನ್ನುತ್ತಾರೆ.

ಔಷಧಿ ಅಂಗಡಿಯ ಮೇಲಿನ ಹಾಲ್. ನೆಲದ ಮೇಲೆ ಎಂಟು ಚಾಪೆ. ಪ್ರತಿ ಚಾಪೆಗೆ ಒಬ್ಬ ಬಸುರಿ, ಅವಳ ಬೆನ್ನ ಹಿಂದೆ ಒಬ್ಬ ಗಂಡ. ಗಂಡಂದಿರು ಎಲ್ಲರೂ ಪರೀಕ್ಷೆಗೆ ಓದದೆ ಬಂದ ಹುಡುಗರ ಹಾಗೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎಂಟನೆಯ ಚಾಪೆ ನನ್ನದು. ನನ್ನ ಹಿಂದೆ ಗೋಡೆ.

ಟೀಚರು ಒಳ್ಳೆಯವರು. "ನಿಮ್ಮ ಜೊತೆಯವರು?" ಎಂದರು. "ಫೋನಿನಲ್ಲಿದ್ದಾರೆ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊದಲ ದಿನ ಉಸಿರಾಟ ಮಾತ್ರ. ಗಂಡ ಹಿಂದಿನಿಂದ ಎಣಿಸಬೇಕು, ಹೆಂಡತಿ ಅದಕ್ಕೆ ಸರಿಯಾಗಿ ಉಸಿರು ಬಿಡಬೇಕು. ನಾನು ಪಕ್ಕದ ಚಾಪೆಯವಳ ಗಂಡನ ಎಣಿಕೆಗೆ ಉಸಿರು ಬಿಟ್ಟೆ. ಎರವಲು.

ನನ್ನ ಅಮ್ಮ ಬರಲಾರಳು. ಅಜ್ಜಿಯನ್ನು ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಅವಳನ್ನು ಬಿಟ್ಟರೆ ಯಾರೂ ಇಲ್ಲ. ಆದ್ದರಿಂದ ನೀನು ಬರುತ್ತೀಯ ಎನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಒಂದು ಮಾತು. ಸ್ಟೋರಿನಲ್ಲಿ ಏನು ಸಾಮಾನು ಎಂದು ಮೂರು ಸಲ ಕೇಳಿದೆ, ಮೂರು ಸಲವೂ ನೀನು ಮಾತು ತಿರುಗಿಸಿದೆ. ಕೆಲಸದ ಬಗ್ಗೆ ಇಷ್ಟು ಕಡಿಮೆ ಮಾತಾಡುವವನು ನೀನಲ್ಲ.


ಜನವರಿ 15, ಬುಧವಾರ, ರಾತ್ರಿ ಎರಡು ಗಂಟೆ
ಅವನ ಧ್ವನಿ, ಕಳಿಸದೆ ಇಟ್ಟದ್ದು

ಇದನ್ನ ಕಳಿಸಲ್ಲ. ಸುಮ್ನೆ ಹೇಳ್ಕೊಳ್ತಿದೀನಿ, ಇಲ್ಲಾಂದ್ರೆ ಇವತ್ತು ನಿದ್ದೆ ಬರಲ್ಲ.

ಸ್ಟೋರೂ ಇಲ್ಲ, ಗೀರೂ ಇಲ್ಲ ಕಣೇ. ಲಾಂಡ್ರಿ. ಆಸ್ಪತ್ರೆ ನೆಲಮಾಳಿಗೇಲಿ ಬಟ್ಟೆ ಒಗೆಯೋ ಮೆಷಿನ್‌ಗಳಿವೆ, ಒಂದೊಂದೂ ನಮ್ಮನೆ ಬಚ್ಚಲಷ್ಟು ದೊಡ್ಡದು. ಬಟ್ಟೆ ಸುರಿಯೋದು, ತೆಗೆಯೋದು, ಮಡಿಸೋದು. ಬಂದ ದಿನಾನೇ ನಿಂಗೆ ಹೇಳ್ಬೇಕು ಅಂತಿದ್ದೆ. ಅಪ್ಪನ ಮುಂದೆ ನೀನು ಫೋನಲ್ಲಿ "ಆಸ್ಪತ್ರೆ ಸ್ಟೋರು, ಮಾವ" ಅಂತ ಅಷ್ಟು ಖುಷಿಯಾಗಿ ಹೇಳಿದ್ಯಲ್ಲ, ಆಮೇಲೆ ಬಾಯೇ ಬರ್ಲಿಲ್ಲ.

ವಾರ್ಡಿಗೊಂದು ಬಣ್ಣದ ಚೀಲ. ಹಳದಿ ಚೀಲ ಹೆರಿಗೆ ವಾರ್ಡಿಂದು. ಇವತ್ತು ಒಂದು ಬಂತು ನೋಡು. ಎತ್ತೋಕಾಗ್ಲಿಲ್ಲ. ಬಿಚ್ಚಿದ್ರೆ ಬೆಡ್‌ಶೀಟಿಂದ ನೀರು ಇಳೀತಿದೆ, ಕೆಂಪು. ಒಂದಲ್ಲ, ಏಳು ಬೆಡ್‌ಶೀಟು. ಮೆಷಿನ್ ಗಾಜಿನ ಆಚೆ ನೀರೆಲ್ಲ ಕೆಂಪಗೆ ತಿರುಗ್ತಾ ಇತ್ತು. ಅವಳು ಉಳಿದಿರಲ್ಲ ಅನ್ನಿಸ್ತು. ಯಾರೋ ಏನೋ. ನಾನು ಅಲ್ಲೇ ನಿಂತೆ. ಪಕ್ಕದ ಮೇಜಲ್ಲಿ ಇಸ್ತ್ರಿ ಮಾಡೋ ಮುದುಕ ಇದಾನೆ, ಇಸ್ತ್ರಿ ಮಾಮ ಅಂತೀವಿ. "ಲೋ, ಮೆಷಿನ್‌ನಲ್ಲಿ ಸಿನಿಮಾ ಬರ್ತಿದ್ಯಾ?" ಅಂದ. ಇನ್ನೊಂದು ಚೀಲ ಎಳ್ಕೊಂಡೆ.

ನೀನು ಅಲ್ಲಿ ಉಸಿರು ಎಣಿಸೋದು ಕಲೀತಿದೀಯ. ನಾನಿಲ್ಲಿ ಆಮೇಲಿಂದು ನೋಡ್ತಿದೀನಿ. ಬರೀ ಆಮೇಲಿಂದು. ಒಂದು ಮುಖಾನೂ ನೋಡಿಲ್ಲ, ಒಂದು ಮಗೂನೂ ನೋಡಿಲ್ಲ, ಬರೀ ಬೆಡ್‌ಶೀಟು. ಇದನ್ನ ನಿಂಗೆ ಹೆಂಗೆ ಹೇಳ್ಲಿ?


ಜನವರಿ 19, ಭಾನುವಾರ
ಅವಳ ಪತ್ರ

ಗುರುವಾರ ಮಾತಾಡಲು ಕೂತೆವು, ನೀನು "ಹೂಂ" ಬಿಟ್ಟರೆ ಏನೂ ಹೇಳಲಿಲ್ಲ. ಮಗು ಒದೆಯಿತು ಎಂದೆ. ಹೂಂ. ಕ್ಲಾಸಿನಲ್ಲಿ ಗೊಂಬೆಗೆ ಬಟ್ಟೆ ಸುತ್ತುವುದು ಕಲಿಸುತ್ತಾರೆ ಎಂದೆ. ಹೂಂ. ಕೊನೆಗೆ ನೀನೇ "ಹೆರಿಗೆ ಮಾತು ಬಿಡೇ, ಬೇರೆ ಏನಾದರೂ ಹೇಳು" ಎಂದೆ.

ಬೇರೆ ಏನಿದೆ ನನ್ನ ಹತ್ತಿರ ಈಗ? ಇದೊಂದೇ ಇರುವುದು. ಬೇಸರವಾಗುವುದಾದರೆ ಹೇಳಿಬಿಡು, ನಾನು ಹವಾಮಾನ ಬರೆಯುತ್ತೇನೆ. ಇಲ್ಲಿ ಬಿಸಿಲಿದೆ.


ಜನವರಿ 22, ಬುಧವಾರ, ರಾತ್ರಿ ಒಂದೂವರೆ
ಅವನ ಧ್ವನಿ, ಕಳಿಸದೆ ಇಟ್ಟದ್ದು

ಇವತ್ತು ಮೇಲಕ್ಕೆ ಹೋದೆ. ಮಡಿಸಿದ ಬಟ್ಟೆ ಗಾಡಿ ತಗೊಂಡು ಹೆರಿಗೆ ವಾರ್ಡಿಗೆ. ನನ್ನ ಪಾಳಿ ಅಲ್ಲ, ಇಸ್ತ್ರಿ ಮಾಮನ ಕಾಲು ಹಿಡ್ಕೊಂಡು ಬದಲಾಯಿಸ್ಕೊಂಡೆ. ಅಲ್ಲೊಬ್ಬರು ದೊಡ್ಡ ಸಿಸ್ಟರ್ ಇದಾರೆ, ಕನ್ನಡಕ ಯಾವಾಗಲೂ ಹಣೆ ಮೇಲೆ. ನಂಗೆ ಬರೋ ಅರ್ಧಂಬರ್ಧ ಭಾಷೇಲಿ ಕೇಳ್ದೆ, ಹೋದ ವಾರ ಏಳು ಬೆಡ್‌ಶೀಟು ಬಂತಲ್ಲ, ಆಯಮ್ಮ ಹೋಗಿಬಿಟ್ರಾ ಅಂತ.

ಅವರು ಕನ್ನಡಕ ಇಳಿಸಿ ನನ್ನ ಮುಖ ನೋಡಿದ್ರು. "ಅವಳು ಮೂರನೇ ದಿನಕ್ಕೆ ಮಗು ಎತ್ಕೊಂಡು ಮನೆಗೆ ಹೋದ್ಲಪ್ಪ. ಗಂಡನ್ನ ಬೈಕೊಂಡು ಹೋದ್ಲು. ನೀರು ಒಡೆದ್ರೆ ಹಾಸಿಗೆಯೆಲ್ಲ ನೆನೆಯುತ್ತೆ, ಭಾರ ಅದರದ್ದು. ಒಂದು ಲೋಟ ರಕ್ತ ಸಾಕು, ಒಂದು ಬಕೆಟ್ ನೀರು ಕೆಂಪು ಮಾಡೋಕೆ. ಒಗೆಯೋನು ನೀನು, ನಿಂಗೆ ಗೊತ್ತಿಲ್ವಾ?" ಅಂದ್ರು.

ಗೊತ್ತಿರಬೇಕಿತ್ತು. ಶಾಯಿ ಬಿದ್ದ ಅಂಗಿ ಒಂದಿದ್ರೆ ಇಡೀ ಮೆಷಿನ್ ನೀಲಿ ಆಗೋದನ್ನ ದಿನಾ ನೋಡ್ತೀನಿ. ಆದ್ರೂ ಹೊಳೀಲಿಲ್ಲ. ಅಲ್ಲೇ ಗಾಡಿ ಹಿಡ್ಕೊಂಡು ಅತ್ತುಬಿಟ್ಟೆ ಕಣೇ. ಯಾಕೆ ಅಂತ ಕೇಳಿದ್ರು. ನೀನು ಏಳು ತಿಂಗಳು ದಾಟಿದೀಯ ಅಂದೆ. "ಗುರುವಾರ ನಾಲ್ಕು ಗಂಟೆಗೆ ಎರಡನೇ ಮಹಡಿಗೆ ಬಾ. ತಂದೆ ತಾಯಿ ಆಗೋರಿಗೆ ಕ್ಲಾಸು ನಾನೇ ತಗೋತೀನಿ. ಹೆದರಿಕೆಗೆ ಅದೊಂದೇ ಮದ್ದು" ಅಂದ್ರು.

ಗುರುವಾರ ನಾಲ್ಕು ನಮ್ದು. ಐದೂವರೆಗೆ ಬಿಡ್ತಾರಂತೆ. ಅಷ್ಟೊತ್ತಿಗೆ ಅಪ್ಪ ಮನೇಲಿರ್ತಾರೆ, ನೀನು ಬರೀ "ಹೂಂ, ಊಟ ಆಯ್ತು" ಅಂತೀಯ. ಆರೇ ಆರು ವಾರ. ಮಾರ್ಚ್ ಎಂಟಕ್ಕೆ ಬಂದು ನಿನ್ನ ಹಿಂದೆ ಕೂತಾಗ ಎಲ್ಲಾ ಬರ್ತಿರಬೇಕು ನಂಗೆ. ಆಗ ನಿನ್ನ ಮುಖ ನೋಡ್ಬೇಕು. ಅಲ್ಲೀವರೆಗೂ ಹೇಳಲ್ಲ.


ಜನವರಿ 22, ಬುಧವಾರ, ರಾತ್ರಿ ಎರಡು ಗಂಟೆ
ಅವನ ಧ್ವನಿ

ಏ ಮೇಡಂ, ಕೋಪ ಮಾಡ್ಕೋಬೇಡ. ಇನ್ನು ಆರು ವಾರ ಗುರುವಾರ ಓಟಿ ಹಾಕಿದಾರೆ. ರಜೆ ಸಿಗ್ಬೇಕಲ್ಲ, ಇಲ್ಲ ಅನ್ನೋಕಾಗ್ಲಿಲ್ಲ. ಐದೂವರೆ ಮೇಲೆ ಮಾಡ್ತೀನಿ, ಎರಡು ನಿಮಿಷ ಆದ್ರೂ ಮಾತಾಡು. ಕ್ಲಾಸು ತಪ್ಪಿಸ್ಬೇಡ. ಉಸಿರು ಬಿಡೋವಾಗ ಎಷ್ಟು ಎಣಿಸ್ಬೇಕಂತೆ?


ಜನವರಿ 26, ಭಾನುವಾರ
ಅವಳ ಪತ್ರ

ಹತ್ತು.

ಕ್ಲಾಸು ಚೆನ್ನಾಗಿ ನಡೆಯುತ್ತಿದೆ. ನಿನ್ನೆಯೂ ಹೋಗಿದ್ದೆ. ಟೀಚರು ಬಹಳ ಹೊಗಳಿದರು. ಗುರುವಾರ ಮಾವ ಹೋದ ಮೇಲೆ ಆರೂವರೆಯಿಂದ ಏಳೂವರೆಯವರೆಗೆ ಕಿಟಕಿ ಸರಳಿನ ಧೂಳು ಒರೆಸಿದೆ. ಬಹಳ ಧೂಳಿತ್ತು.


ಜನವರಿ 31, ಶುಕ್ರವಾರ, ರಾತ್ರಿ ಹನ್ನೆರಡೂಮುಕ್ಕಾಲು
ಅವನ ಧ್ವನಿ, ಕಳಿಸದೆ ಇಟ್ಟದ್ದು

ಹತ್ತಾ? ಇಲ್ಲಿ ಒಳಗೆ ನಾಲ್ಕು, ಆಚೆ ಆರು ಅಂತಾರೆ. ಹತ್ತು ಎಣಿಸೋವರೆಗೂ ಉಸಿರು ಬಿಟ್ರೆ ಇಲ್ಲಿ ಅರ್ಧ ಜನ ತಲೆ ಸುತ್ತಿ ಬೀಳ್ತಾರೆ. ನಿಮ್ಮ ಟೀಚರು ಬೇರೆ ತರ ಇರ್ಬೇಕು.

ಎರಡು ಕ್ಲಾಸು ಆಯ್ತು ಕಣೇ. ಒಂಬತ್ತು ಜೋಡಿ, ಮತ್ತೆ ನಾನು. ಬಾಗಿಲ ಹತ್ರ ಒಂದು ರಟ್ಟಿನ ಡಬ್ಬಿ ಇಟ್ಟಿದಾರೆ, ಎಲ್ರೂ ಫೋನ್ ಆಫ್ ಮಾಡಿ ಅದಕ್ಕೆ ಹಾಕಿ ಒಳಗೆ ಬರ್ಬೇಕು. ನಂಗೆ ಹೆಂಡ್ತಿ ಬದಲು ಒಂದು ದಿಂಬು ಕೊಟ್ರು, ಉದ್ದಂದು. ಸಿಸ್ಟರ್ ಎಲ್ರ ಮುಂದೆ "ನಿಮ್ಮ ಮನೆಯವರು ಬಹಳ ಶಾಂತ ಸ್ವಭಾವ" ಅಂದ್ರು. ಎಲ್ರೂ ನಕ್ಕರು. ನಾನೂ ನಕ್ಕೆ. ನೀನು ಬರೆದಿದ್ದೆ ನೋಡು, ಎಲ್ಲರೂ ನಕ್ಕರು ನಾನೂ ನಕ್ಕೆ ಅಂತ. ಆಗ ಓದಿ ತಮಾಷೆ ಅಂದ್ಕೊಂಡಿದ್ದೆ.

ದಿಂಬಿನ ಕವರ್ ನಾನೇ ಒಗೆದಿದ್ದು. ಸೋಪಿನ ವಾಸನೆ ಗುರ್ತು ಸಿಕ್ತು. ಸೊಂಟದ ಕೆಳಗೆ ಎರಡು ಸಣ್ಣ ಗುಳಿ ಇರ್ತಾವಲ್ಲ, ನೋವು ಬಂದಾಗ ಅಲ್ಲಿ ಮುಷ್ಟಿ ಇಟ್ಟು ಒತ್ಬೇಕು. ದಿಂಬಿಗೆ ಗುಳಿ ಇಲ್ಲ. ಅಂದಾಜಲ್ಲಿ ಒತ್ತಿದೆ. ಈಗ ಕೆಲಸದಲ್ಲಿ ಬಟ್ಟೆ ಚೀಲದ ಮೇಲೂ ಅಭ್ಯಾಸ ಮಾಡ್ತೀನಿ. ಇಸ್ತ್ರಿ ಮಾಮ "ಚೀಲಕ್ಕೆ ಎಷ್ಟು ತಿಂಗಳು?" ಅಂತಾನೆ.


ಫೆಬ್ರವರಿ 7, ಶುಕ್ರವಾರ, ರಾತ್ರಿ ಒಂದು ಗಂಟೆ
ಅವನ ಧ್ವನಿ

ಬೆನ್ನು ನೋವು ಅಂದ್ಯಂತೆ, ಅಪ್ಪ ಹೇಳಿದ್ರು. ನಂಗ್ಯಾಕೆ ಹೇಳಲ್ಲ? ಸರಿ, ಕೇಳು. ಮಂಡಿ ಊರಿ ಕೂತ್ಕೋ, ಮುಂದೆ ಕುರ್ಚಿ ಮೇಲೆ ಕೈ ಇಟ್ಕೊಂಡು ಬಾಗು. ಸೊಂಟದ ಕೆಳಗೆ ಎರಡು ಗುಳಿ ಇವೆ ನೋಡು, ಅಲ್ಲಿ ಯಾರಾದ್ರೂ ಮುಷ್ಟಿಯಿಂದ ಒತ್ತಿದ್ರೆ ಹಗುರ ಆಗುತ್ತೆ. ಮಲಗೋವಾಗ ಎಡಮಗ್ಗುಲಿಗೆ ಮಲಗು, ಮಂಡಿ ಮಧ್ಯೆ ದಿಂಬು ಇಟ್ಕೋ. ಕಾಲು ಊದಿದ್ಯಾ? ತಲೆನೋವು ಬಂದು ಕಣ್ಣು ಮಂಜಾದ್ರೆ ಸುಮ್ನೆ ಇರ್ಬೇಡ, ತಕ್ಷಣ ಡಾಕ್ಟ್ರ ಹತ್ರ ಹೋಗು.


ಫೆಬ್ರವರಿ 9, ಭಾನುವಾರ
ಅವಳ ಪತ್ರ

ಮೂರು ವಾರದ ಹಿಂದೆ ಹೆರಿಗೆ ಮಾತೇ ಬೇಡ ಎಂದವನು ಈಗ ಸೊಂಟದ ಗುಳಿಯವರೆಗೆ ಬಂದಿದ್ದೀಯ. ಸ್ಟೋರಿನಲ್ಲಿ ಸಾಮಾನು ಎತ್ತಿಡುವವನಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು? ಬಹಳ ಹತ್ತಿರದಿಂದ ಹೇಳಿಕೊಟ್ಟ ಹಾಗಿದೆ.

ನಾನು ಕೇಳಬಾರದು ಎಂದುಕೊಂಡಿದ್ದೆ. ಮೂರು ಗುರುವಾರ ನಾಲ್ಕು ಗಂಟೆಗೆ ನಿನ್ನ ಫೋನ್ ಆಫ್. ಓಟಿ ಮಾಡುವಾಗ ಫೋನ್ ಆಫ್ ಮಾಡುವ ಸ್ಟೋರು ಯಾವುದು?

"ಯಾರಾದರೂ ಮುಷ್ಟಿಯಿಂದ ಒತ್ತಿದರೆ" ಎಂದೆ. ಯಾರು, ಆ ಯಾರಾದರೂ? ಮನೆಯಲ್ಲಿರುವವರು ನಾನು ಮತ್ತು ನಿನ್ನ ಅಪ್ಪ.

ರಜೆ ಏನಾಯಿತು? ಅದೊಂದಕ್ಕೆ ಉತ್ತರ ಕೊಡು. ಉಳಿದದ್ದು ಬೇಡ.


ಫೆಬ್ರವರಿ 12, ಬುಧವಾರ, ರಾತ್ರಿ ಒಂದು ಗಂಟೆ
ಅವನ ಧ್ವನಿ

ಏನೇನೋ ಯೋಚನೆ ಮಾಡ್ಬೇಡ್ವೇ. ಫೋನಲ್ಲಿ ವಿಡಿಯೋ ನೋಡ್ದೆ, ಅಷ್ಟೇ. ರಜೆ ಅರ್ಜಿ ಮ್ಯಾನೇಜರ್ ಮೇಜಿನ ಮೇಲಿದೆ. ಆಗುತ್ತೆ. ಖಂಡಿತ ಆಗುತ್ತೆ.


ಫೆಬ್ರವರಿ 21, ಶುಕ್ರವಾರ, ರಾತ್ರಿ ಮೂರು ಗಂಟೆ
ಅವನ ಧ್ವನಿ, ಕಳಿಸದೆ ಇಟ್ಟದ್ದು

ಆಗಲ್ಲ ಅಂದ್ರು. ಸೋಮವಾರಾನೇ ಅಂದ್ರು. ಒಂದು ವರ್ಷ ತುಂಬೋವರೆಗೂ ರಜೆ ಇಲ್ಲ, ಕಾಗದದಲ್ಲಿ ನಿನ್ನ ಸಹಿ ಇದೆ ಅಂತ ತೋರಿಸಿದ್ರು. ನನ್ನದೇ ಸಹಿ. ಜುಲೈವರೆಗೂ ಇಲ್ಲ. ಬಿಟ್ಟು ಬಂದ್ರೆ ಬರೋ ಖರ್ಚೂ ನಂದೇ, ಮತ್ತೆ ಕೆಲಸಾನೂ ಇಲ್ಲ.

ಇವತ್ತು ಕ್ಲಾಸಿಗೆ ಹೋಗಬಾರ್ದು ಅಂದ್ಕೊಂಡೆ. ಇನ್ಯಾರ ಬೆನ್ನು ಒತ್ತೋಕೆ ಕಲೀಲಿ? ಆದ್ರೂ ನಾಲ್ಕಾಗ್ತಿದ್ದ ಹಾಗೆ ಕಾಲು ತಾನೇ ಮೆಟ್ಟಿಲು ಹತ್ತಿತು. ಮಗು ತೋಳಲ್ಲಿ ಹಿಡಿಯೋದು ಹೇಳ್ಕೊಟ್ರು. ಗೊಂಬೆ ಕತ್ತು ನನ್ನ ಮೊಣಕೈ ಒಳಗೆ ಸರಿಯಾಗಿ ಕೂತ್ಕೊಳ್ತು. ಸಿಸ್ಟರ್ "ಶಭಾಶ್" ಅಂದ್ರು. ರಜೆ ಇಲ್ಲ ಅಂತ ಅವರಿಗೂ ಹೇಳೋಕೆ ನಂಗೆ ಮನಸ್ಸು ಬರ್ಲಿಲ್ಲ.

ನಿಂಗೆ ನಾಳೆ ಹೇಳ್ತೀನಿ. ನಾಳೆ ಅಲ್ಲ, ಭಾನುವಾರ.


ಫೆಬ್ರವರಿ 27, ಗುರುವಾರ, ರಾತ್ರಿ ಎಂಟು ಗಂಟೆ
ಅವಳ ಫೋನಿನಿಂದ, ಅವನ ಅಪ್ಪನ ಧ್ವನಿ

ಹಲೋ. ಹಲೋ? ಏನಮ್ಮಾ ಸಿಸ್ಟರ್, ಇದನ್ನ ಒತ್ಕೊಂಡೇ ಇರ್ಬೇಕಾ? ಸರಿ ಸರಿ.

ಲೇ, ಎಲ್ಲಿದೀಯೋ? ಆರು ಸಲ ಮಾಡಿದ್ಲು ಅವಳು. ಆಫು. ಹೆಣ್ಣು ಮಗು. ಏಳು ನಲವತ್ತಕ್ಕೆ. ಎರಡು ಕೇಜಿ ಏಳ್ನೂರು. ಇಬ್ಬರೂ ಚೆನ್ನಾಗಿದಾರೆ, ಮೊದ್ಲು ಅದನ್ನ ಕೇಳಿಸ್ಕೋ.

ಬೆಳಿಗ್ಗೆಯಿಂದ ನೋವಿತ್ತಂತೆ, ಬಾಯಿ ಬಿಟ್ಟಿಲ್ಲ. ಸ್ಕೂಲಿಗೆ ಹೋಗಿ ಸಂಬಳದ ಪಟ್ಟಿ ಮುಗಿಸಿ ಬಂದಿದಾಳೆ ಮಹಾತಾಯಿ. ಆರೂವರೆಗೆ ಇಲ್ಲಿ ಆಸ್ಪತ್ರೆ ಮಂಚದ ಮೇಲೆ ಫೋನ್ ಕೈಲಿ ಹಿಡ್ಕೊಂಡು ಕೂತಿದ್ಲು. ಇವತ್ತು ಎತ್ತೇ ಎತ್ತಾನೆ ಮಾವ ಅಂದ್ಲು.

ಒಳಗೆ ನಾನೇ ಇದ್ದೆ ಕಣೋ. ತಲೆ ಕಡೆ, ಗೋಡೆಗೆ ಮುಖ ಮಾಡ್ಕೊಂಡು. ನಗ್ಬೇಡ. ಮೂವತ್ತೆರಡು ವರ್ಷ ಬಸ್ಸಲ್ಲಿ ಕೂಗಿದ ಬಾಯಿ, ಆರರವರೆಗೆ ಎಣಿಸು ಅಂದ್ರೆ ಎಣಿಸ್ದೆ. ಕೊನೇಲಿ ಡಾಕ್ಟ್ರು ತಳ್ಳಮ್ಮಾ ತಳ್ಳಮ್ಮಾ ಅಂತಿದ್ರೆ ನಂಗೆ ತಡ್ಕೊಳೋಕಾಗ್ದೆ "ಮುಂದೆ ಬನ್ನಿ, ಮುಂದೆ ಜಾಗ ಇದೆ" ಅಂದ್ಬಿಟ್ಟೆ. ಆ ನೋವಲ್ಲೂ ನಕ್ಕಳು. ಆ ನಗೂಗೇ ಬಂತು ಮಗು.

ನೀನು ಹುಟ್ಟಿದಾಗ ನಾನು ಕೊನೇ ಟ್ರಿಪ್ಪಲ್ಲಿದ್ದೆ. ನಿಮ್ಮಮ್ಮ ಅದನ್ನ ಸಾಯೋವರೆಗೂ ಒಂದು ಸಲಾನೂ ಎತ್ತಿ ಆಡ್ಲಿಲ್ಲ. ಆಡಿದ್ರೆ ಚೆನ್ನಾಗಿತ್ತು. ನೀನು ಎಲ್ಲಿದ್ಯೋ ನಂಗೊತ್ತಿಲ್ಲ. ಅವಳಿಗೆ ಹೇಳು. ಯಾವ್ದೇ ಆಗ್ಲಿ, ಹೇಳಿಬಿಡು.


ಫೆಬ್ರವರಿ 28, ಶುಕ್ರವಾರ, ರಾತ್ರಿ ಹನ್ನೆರಡೂವರೆ
ಅವನ ಧ್ವನಿ

ಐದೂವರೆಗೆ ಡಬ್ಬಿಯಿಂದ ಫೋನ್ ತೆಗೆದೆ. ಆರು ಮಿಸ್ಡ್ ಕಾಲ್, ಅಪ್ಪನ ಧ್ವನಿ. ತಕ್ಷಣ ಮಾಡ್ದೆ. ಅಪ್ಪ ಎತ್ತಿ "ಮಲಗಿದಾಳೆ" ಅಂದ್ರು. ಹಿಂದೆ ನೀನು ಸಿಸ್ಟರ್ ಹತ್ರ ಮಾತಾಡೋದು ಕೇಳಿಸ್ತು. ಮಲಗಿರ್ಲಿಲ್ಲ. ನಂಗೆ ಗೊತ್ತು.

ಹೇಳ್ತೀನಿ. ಈ ಎರಡು ತಿಂಗಳಲ್ಲಿ ನಾಲ್ಕು ಧ್ವನಿ ಮಾಡಿ ಕಳಿಸದೆ ಇಟ್ಕೊಂಡಿದ್ದೆ. ಈಗ ನಾಲ್ಕೂ ಕಳಿಸ್ತಿದೀನಿ. ಒಂದೂ ಅಳಿಸಿಲ್ಲ, ತಿದ್ದಿಲ್ಲ. ಬೈಯೋದಾದ್ರೆ ಕೇಳಿ ಆದ್ಮೇಲೆ ಬೈ.

ಅದ್ರಲ್ಲಿ ಇಲ್ದಿರೋದು ಇವತ್ತಿಂದು ಒಂದೇ. ನೀನು ನನ್ನ ಆರು ಸಲ ಕರೆದಾಗ ನಾನು ಎರಡನೇ ಮಹಡೀಲಿ ಚಾಪೆ ಮೇಲೆ ಕೂತು ದಿಂಬಿನ ಬೆನ್ನು ಒತ್ತುತಾ ಇದ್ದೆ. ಕೊನೇ ಕ್ಲಾಸು. ಒಳಗೆ ನಾಲ್ಕು, ಆಚೆ ಆರು ಅಂತ ಜೋರಾಗಿ ಎಣಿಸ್ತಿದ್ದೆ. ಏಳು ನಲವತ್ತು ಅಂದ್ರೆ ನಂಗೆ ಐದು ಹತ್ತು. ಆವಾಗ ಸಿಸ್ಟರ್ ಹೇಳ್ತಾ ಇದ್ರು, ನೋಡಿ, ಈ ಹುಡುಗ ಎಣಿಸೋ ಹಾಗೆ ಎಣಿಸ್ಬೇಕು ಅಂತ.

ನಂಗೆ ಬೇರೆ ಏನೂ ಹೇಳೋಕೆ ಬರ್ತಿಲ್ಲ. ದೀಪ ಆರಿದೆ. ಕೈ ಬೀಸೋಕೂ ಮನಸ್ಸಿಲ್ಲ.


ಮಾರ್ಚ್ 5, ಬುಧವಾರ
ಅವಳ ಪತ್ರ

ಐದು ದಿನ ಸುಮ್ಮನಿದ್ದದ್ದು ಬೇಕೆಂದೇ. ನಿನಗೂ ಗೊತ್ತಾಗಲಿ, ಆಫ್ ಆದ ಫೋನನ್ನು ನೋಡುತ್ತಾ ಕೂರುವುದು ಹೇಗಿರುತ್ತದೆ ಎಂದು.

ನಾಲ್ಕೂ ಕೇಳಿದೆ. ಮಗು ಹಾಲು ಕುಡಿಯುವಾಗ ಒಂದು ಕಿವಿಗೆ ಇಟ್ಟುಕೊಂಡು ಕೇಳಿದೆ. ಮೊದಲನೆಯದನ್ನು ಪೂರ್ತಿ ಕೇಳಲಾಗಲಿಲ್ಲ, ಮಾರನೆಯ ದಿನ ಕೇಳಿದೆ. ಲಾಂಡ್ರಿ ಎಂದರೆ ನಾನು ಏನು ಅಂದುಕೊಳ್ಳುತ್ತೇನೆ ಎಂದುಕೊಂಡೆ ನೀನು? ಮಾವನಿಗೆ ಹೇಳಿದೆ. "ಬಟ್ಟೆ ಒಗೆಯೋಕೆ ಬರುತ್ತಾ ಅವನಿಗೆ? ಮನೇಲಿ ಒಂದು ಕರ್ಚೀಫ್ ಒಗೆದೋನಲ್ಲ" ಎಂದು ಅವರಿಗೆ ಆಶ್ಚರ್ಯ, ಅಷ್ಟೇ.

ಈಗ ನನ್ನದು. ಹತ್ತು ಎಂದು ಬರೆದದ್ದು ಸುಳ್ಳು, ಎಣಿಕೆ ಮರೆತೇ ಹೋಗಿತ್ತು. ನಿನ್ನೆಯೂ ಹೋಗಿದ್ದೆ ಎಂದದ್ದೂ ಸುಳ್ಳು. ಎರಡು ಕ್ಲಾಸಿಗೆ ಹೋಗಿ ಬಿಟ್ಟುಬಿಟ್ಟಿದ್ದೆ. ಎರಡನೆಯ ಶನಿವಾರ ಗಂಡಂದಿರೆಲ್ಲ ಬೆನ್ನು ಒತ್ತುವಾಗ ಟೀಚರು ಬಂದು ನನ್ನ ಬೆನ್ನು ಒತ್ತಿದರು. ಅವರ ಕೈ ಬೆಚ್ಚಗಿತ್ತು. ಅದನ್ನು ತಡೆಯಲಾಗಲಿಲ್ಲ. ಆಮೇಲಿನ ಎರಡು ಶನಿವಾರ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಂದೂವರೆ ಗಂಟೆ ಕೂತು ಮನೆಗೆ ಬಂದೆ. ಊರಿನ ಕಂಡಕ್ಟರುಗಳೆಲ್ಲ ಮಾವನ ಸ್ನೇಹಿತರು ಎನ್ನುವುದು ಮರೆತಿತ್ತು. ಒಬ್ಬರು ಹೋಗಿ ಹೇಳಿದ್ದಾರೆ, ನಿಮ್ಮ ಸೊಸೆ ಯಾವ ಬಸ್ಸನ್ನೂ ಹತ್ತದೆ ಕೂತಿರುತ್ತಾಳೆ ಎಂದು. ಮಾವ ನನ್ನನ್ನು ಏನೂ ಕೇಳಲಿಲ್ಲ. ಮುಂದಿನ ಶನಿವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಡಿಯಮ್ಮ, ಎಂಟನೇ ಚಾಪೆಗೆ ಎರಡು ಟಿಕೆಟ್ಟು" ಎಂದರು.

ನಿನಗೆ ಇದನ್ನು ಯಾಕೆ ಬರೆಯಲಿಲ್ಲ? ನಾನು ಹೋಗುತ್ತಿದ್ದೇನೆ ಎಂದುಕೊಂಡಾದರೂ ನೀನು ಅಲ್ಲಿ ನೆಮ್ಮದಿಯಾಗಿರಲಿ ಎಂದು. ನೋಡು, ನಿನ್ನನ್ನು ಬೈಯಲು ಹೊರಟವಳು ಇಲ್ಲಿಗೆ ಬಂದೆ.

ಕೋಪ ಇನ್ನೂ ಇದೆ. ಜುಲೈವರೆಗೆ ಬರುವುದಿಲ್ಲ ಎಂಬುದನ್ನು ನೀನು ಹತ್ತು ದಿನ ಇಟ್ಟುಕೊಂಡಿದ್ದು ನಾನು ಮರೆಯುವುದಿಲ್ಲ. ಬರುವ ಹೊತ್ತಿಗೆ ಇವಳಿಗೆ ನಾಲ್ಕು ತಿಂಗಳು ದಾಟಿರುತ್ತದೆ, ಹೊಸಬರನ್ನು ಕಂಡರೆ ಅಳುತ್ತಾಳೆ. ಅಳಲಿ. ನೀನು ಸಮಾಧಾನ ಮಾಡು, ಕಲಿತಿದ್ದೀಯಲ್ಲ.

ಸೊಂಟದ ಗುಳಿ ಎರಡೂ ಇನ್ನೂ ನೋಯುತ್ತಿವೆ. ಗೋಡೆಗೆ ಒತ್ತಿಕೊಂಡು ಕೂರುತ್ತೇನೆ.

ಇದರ ಜೊತೆ ಹನ್ನೊಂದು ಸೆಕೆಂಡಿನ ಧ್ವನಿ ಕಳಿಸಿದ್ದೇನೆ. ನಾನು ಮಾತಾಡಿಲ್ಲ. ಅವಳಿಗೆ ಬಿಕ್ಕಳಿಕೆ.


ಮಾರ್ಚ್ 6, ಗುರುವಾರ, ರಾತ್ರಿ ಒಂದು ಗಂಟೆ
ಅವನ ಧ್ವನಿ

ಹನ್ನೊಂದು ಸೆಕೆಂಡಲ್ಲಿ ನಾಲ್ಕು ಬಿಕ್ಕಳಿಕೆ. ಎಣಿಸಿದೆ. ಇಸ್ತ್ರಿ ಮಾಮಂಗೂ ಕೇಳಿಸ್ದೆ. "ನಿನ್ನ ತರಾನೇ, ಗಡಿಬಿಡಿ" ಅಂದ. ರೂಮಲ್ಲಿ ಕೇಳಿಸ್ದೆ, ಐದೂ ಜನ ಎದ್ದು ಕೂತ್ರು ಕಣೇ. ಒದ್ದೆ ಟವೆಲ್ಲು ಯಾರ್ದು ಅಂತಾನೂ ಗೊತ್ತಾಯ್ತು, ಅವನೇ ಬಂದು ಒಪ್ಕೊಂಡ.

ಇವತ್ತು ಒಂದು ಹಳದಿ ಚೀಲ ಬಂತು. ಆವತ್ತಿನದಕ್ಕಿಂತ ಭಾರ. ಇಬ್ಬರು ಹಿಡಿದು ಎತ್ತಿದ್ವಿ. ಮೆಷಿನ್‌ಗೆ ಸುರಿದೆ, ಬಾಗಿಲು ಹಾಕಿದೆ, ನೀರು ಕೆಂಪಾಯ್ತು. ಗಾಜಿನ ಮುಂದೆ ನಿಂತು ನೋಡ್ದೆ. ಯಾವುದೋ ಮನೇಲಿ ಇವತ್ತು ಯಾರಿಗೋ ಬಿಕ್ಕಳಿಕೆ ಬರ್ತಿರುತ್ತೆ ಅಂದ್ಕೊಂಡೆ. ಮೂರನೇ ಸಲ ನೀರು ಬದಲಾಯಿಸಿದಾಗ ತಿಳಿಯಾಯ್ತು. ಆಮೇಲೆ ಮಡಿಸ್ದೆ.

ಗೋಡೆಗೆ ಒತ್ಕೊಂಡು ಕೂರ್ಬೇಡ, ತಣ್ಣಗಿರುತ್ತೆ. ಮಧ್ಯೆ ಮಡಿಸಿದ ಟವೆಲ್ ಇಟ್ಕೋ. ಇನ್ನೊಂದು ಸ್ವಲ್ಪ ಕೆಳಗೆ. ಅಲ್ಲೇ.

ಕ್ಲಾಸು ಮುಗೀತು. ಬೆಳಗಾದ್ರೆ ಗುರುವಾರ. ನನ್ನ ನಾಲ್ಕು, ನಿನ್ನ ಆರೂವರೆ. ಅಪ್ಪ ಇಸ್ಪೀಟಿಗೆ ಹೋಗ್ದೇ ಇದ್ರೂ ಪರವಾಗಿಲ್ಲ, ಗೋಡೆ ಕೇಳಿಸ್ಕೊಂಡ್ರೂ ಪರವಾಗಿಲ್ಲ. ಫೋನ್ ಕೈಯಲ್ಲೇ ಇರುತ್ತೆ. ನಾಲ್ಕಕ್ಕೆ.